ನಾಲ್ಕು ಋತು ದಾಟದ ಸಂಗೀತ ವರ್ಷ

ಯುರೋಪ್, ಅಮೆರಿಕ, ಕೆನಡಾಗಳ ಬರೋಕ್ ವಾದ್ಯವೃಂದಗಳು ವಸಂತ ಬಂತೆಂದರೆ ಮುಂದಿನ ವರ್ಷದ ಕಛೇರಿಗಳ ಪಟ್ಟಿ ಹೊರಡಿಸುತ್ತವೆ. ಸೆಪ್ಟೆಂಬರಿನಿಂದ ಮೇ ತಿಂಗಳವರೆಗಿನ ಆ ಪಟ್ಟಿಯಲ್ಲಿ ಏನಿರುತ್ತದೆಂದು ಓದದೆಯೇ ಅರ್ಧ ಹೇಳಿಬಿಡಬಹುದು. ಡಿಸೆಂಬರಿಗೆ ಹ್ಯಾಂಡೆಲ್‌ನ ‘ಮೆಸ್ಸಾಯ’. ಎಲ್ಲಾದರೊಂದು ಕಡೆ ವಿವಾಲ್ಡಿಯ ‘ಫೋರ್ ಸೀಸನ್ಸ್’. ಬಾಖ್‌ನ ಆರು ಬ್ರಾಂಡೆನ್‌ಬರ್ಗ್ ಕನ್ಚೆರ್ಟೊಗಳಲ್ಲಿ ಮೂರು ಈ ವರ್ಷ, ಉಳಿದ ಮೂರು ಬರುವ ವರ್ಷ. ಈಸ್ಟರಿಗೆ ಬಾಖ್‌ನದೇ ಒಂದು ಪ್ಯಾಶನ್. ಮಾರ್ಚ್ ತಿಂಗಳಲ್ಲಿ, ಮಹಿಳಾ ದಿನದ ಲೆಕ್ಕಕ್ಕೆ, ಬಾರ್ಬರಾ ಸ್ಟ್ರೋಟ್ಸಿಯ ಒಂದೆರಡು ಹಾಡು. ಊರು ಬದಲಾದರೂ ಊಟದ ಎಲೆ ಅದೇ.

ಇದನ್ನು ಯಾರಾದರೂ ಪ್ರಶ್ನಿಸಿದರೆ ಬರುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಜನ ತಮಗೆ ಗೊತ್ತಿರುವುದನ್ನು ಕೇಳಲು ಬರುತ್ತಾರೆ, ಕಂಡರಿಯದ ಹೆಸರು ಹಾಕಿದರೆ ಕುರ್ಚಿ ಖಾಲಿ ಉಳಿಯುತ್ತದೆ, ‘ಮೆಸ್ಸಾಯ’ದ ದುಡ್ಡಿನಲ್ಲೇ ಉಳಿದ ವರ್ಷ ನಡೆಯಬೇಕು ಎಂಬುದು ಆ ಉತ್ತರ. ವ್ಯವಸ್ಥಾಪಕರು ಹೇಳುತ್ತಾರೆ, ವಿಮರ್ಶಕರು ತಲೆದೂಗುತ್ತಾರೆ. ಸಂಗೀತಗಾರರು ಒಳಗೊಳಗೇ ಗೊಣಗುತ್ತ ‘ಫೋರ್ ಸೀಸನ್ಸ್’ನ ಅದೇ ‘ವಸಂತ’ವನ್ನು ನೂರಾರನೆಯ ಸಲ ನುಡಿಸುತ್ತಾರೆ. ಈ ಮಾತು ವಾಸ್ತವ ಬಲ್ಲವರ ವಿವೇಕದಂತೆ ಕೇಳಿಸುತ್ತದೆ. ಆದರೆ ಇದು ಇತಿಹಾಸದ ದೃಷ್ಟಿಯಿಂದ ಸುಳ್ಳು, ಈ ವಾದ್ಯವೃಂದಗಳು ಹುಟ್ಟಿದ ಉದ್ದೇಶಕ್ಕೆ ದ್ರೋಹ. ಲೆಕ್ಕದ ದೃಷ್ಟಿಯಿಂದ ನೋಡಿದರೂ ಅರ್ಧ ಸತ್ಯವಷ್ಟೆ.

ಬರೋಕ್ ವಾದ್ಯವೃಂದವೆಂದರೆ ಸ್ಥೂಲವಾಗಿ 1600ರಿಂದ 1750ರವರೆಗಿನ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲಿ, ಅಥವಾ ಅವುಗಳ ಪ್ರತಿಕೃತಿಗಳಲ್ಲಿ ನುಡಿಸುವ ತಂಡ. ಪಿಟೀಲಿಗೆ ಉಕ್ಕಿನ ಬದಲು ಕರುಳಿನ ತಂತಿ. ಪಿಯಾನೊ ಇರುವಲ್ಲಿ ಹಾರ್ಪ್ಸಿಕಾರ್ಡ್, ಪಕ್ಕದಲ್ಲಿ ಥಿಯೋರ್ಬೊ ಎಂಬ ಆಳೆತ್ತರದ ತಂತಿವಾದ್ಯ. ತುತ್ತೂರಿಗೆ ಕವಾಟಗಳಿಲ್ಲ, ಸ್ವರವೆಲ್ಲ ತುಟಿಯಲ್ಲೇ ಹುಟ್ಟಬೇಕು. ಶ್ರುತಿಯೂ ಬೇರೆ: ಇವತ್ತಿನ ಸಿಂಫನಿ ವಾದ್ಯವೃಂದಗಳ ‘ಎ’ ಸ್ವರ 440 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಇವರದು ಬಹುಮಟ್ಟಿಗೆ 415, ಅಂದರೆ ಸರಿಸುಮಾರು ಅರ್ಧ ಸ್ವರ ಕೆಳಗೆ. ಇಷ್ಟೆಲ್ಲ ಪಾಡುಪಟ್ಟು ಹಳೆಯ ವಾದ್ಯ ಹುಡುಕಿದವರು ಯಾರು, ಯಾಕೆ ಹುಡುಕಿದರು? 1953ರಲ್ಲಿ ವಿಯೆನ್ನಾದಲ್ಲಿ ನಿಕೊಲಾಸ್ ಹಾರ್ನೊನ್‌ಕೋರ್ಟ್ ಗೆಳೆಯರನ್ನು ಕಲೆಹಾಕಿ ‘ಕನ್ಸೆಂಟುಸ್ ಮ್ಯೂಸಿಕಸ್’ ಕಟ್ಟಿದ. ಸಿಂಫನಿ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸುವುದು ಅವನ ಸಂಬಳದ ಕೆಲಸ. ಅದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ತಾಲೀಮು, ಅದೂ ಸುಮಾರು ನಾಲ್ಕು ವರ್ಷ. ಮೊದಲ ಸಾರ್ವಜನಿಕ ಕಛೇರಿ ನಡೆದದ್ದು 1957ರಲ್ಲಿ. ಆ ತಂಡ ಕೈಗೆತ್ತಿಕೊಂಡದ್ದು ಬೀಬರ್, ಮುಫಾಟ್, ಫುಕ್ಸ್‌ರಂಥ, ಆಸ್ಟ್ರಿಯಾದವರೇ ಮರೆತಿದ್ದ ಆಸ್ಥಾನ ಸಂಯೋಜಕರನ್ನು. ಜನ ಕೇಳುತ್ತಿದ್ದಾರೆಂದು ಹೊರಟ ಕೆಲಸವಲ್ಲ ಅದು. ಯಾರೂ ಕೇಳದ್ದನ್ನು ಕೇಳಿಸಿಯೇ ತೀರುತ್ತೇವೆಂದು ಹೊರಟದ್ದು. ಇವತ್ತಿನ ವ್ಯವಸ್ಥಾಪಕರ ವಿವೇಕ ಅವತ್ತು ಹಾರ್ನೊನ್‌ಕೋರ್ಟ್‌ಗೆ ಇದ್ದಿದ್ದರೆ ಬರೋಕ್ ವಾದ್ಯವೃಂದವೆಂಬ ವಸ್ತುವೇ ಇರುತ್ತಿರಲಿಲ್ಲ, ವ್ಯವಸ್ಥಾಪಕರಿಗೆ ಕೆಲಸವೂ ಇರುತ್ತಿರಲಿಲ್ಲ.

‘ಗೊತ್ತಿರುವ’ ಕೃತಿಗಳ ಕುಲಮೂಲವನ್ನೂ ಸ್ವಲ್ಪ ವಿಚಾರಿಸೋಣ. ಬಾಖ್ ತನ್ನ ಆರು ಕನ್ಚೆರ್ಟೊಗಳನ್ನು 1721ರ ಮಾರ್ಚ್‌ನಲ್ಲಿ ಬ್ರಾಂಡೆನ್‌ಬರ್ಗ್‌ನ ರಾಜಕುಮಾರನಿಗೆ ಅರ್ಪಿಸಿದ. ರಾಜಕುಮಾರ ಅವನ್ನು ನುಡಿಸಿದ ಕುರುಹಿಲ್ಲ. ಹಸ್ತಪ್ರತಿ ಸಿಕ್ಕಿದ್ದು 1849ರಲ್ಲಿ, ಅಚ್ಚಾದದ್ದು ಮರುವರ್ಷ. ವಿವಾಲ್ಡಿಯ ಕತೆ ಇನ್ನೂ ಸ್ವಾರಸ್ಯದ್ದು. ‘ಫೋರ್ ಸೀಸನ್ಸ್’ 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು, ಕೆಲವು ದಶಕ ಪ್ಯಾರಿಸ್ಸಿನಲ್ಲಿ ಮೆರೆಯಿತು, ಆಮೇಲೆ ಕರ್ತೃವಿನ ಹಾಗೆಯೇ ಮಣ್ಣಾಯಿತು. ವಿವಾಲ್ಡಿ 1741ರಲ್ಲಿ ವಿಯೆನ್ನಾದಲ್ಲಿ ದಿಕ್ಕಿಲ್ಲದೆ ತೀರಿಕೊಂಡ. ಮುಂದಿನ ಸುಮಾರು ನೂರೆಂಬತ್ತು ವರ್ಷ ಅವನ ಹೆಸರು ಬಾಖ್‌ನ ಜೀವನಚರಿತ್ರೆಯ ಅಡಿಟಿಪ್ಪಣಿಗಳಲ್ಲಿ ಮಾತ್ರ ಉಸಿರಾಡುತ್ತಿತ್ತು.

1926ರಲ್ಲಿ ಇಟಲಿಯ ಮೊನ್‌ಫೆರಾಟೊ ಪ್ರದೇಶದ ಸಲೇಷಿಯನ್ ಪಾದ್ರಿಗಳ ಶಾಲೆಯೊಂದಕ್ಕೆ ಕಟ್ಟಡ ದುರಸ್ತಿಗೆ ಹಣ ಬೇಕಾಯಿತು. ಪಾದ್ರಿಗಳು ತಮ್ಮಲ್ಲಿದ್ದ ಹಳೆಯ ಸಂಗೀತದ ಕಟ್ಟುಗಳನ್ನು ಮಾರಲು ಹೊರಟು, ಬೆಲೆ ಕಟ್ಟಿಕೊಡಿ ಎಂದು ಟ್ಯೂರಿನ್‌ನ ರಾಷ್ಟ್ರೀಯ ಗ್ರಂಥಾಲಯವನ್ನು ಕೇಳಿದರು. ನೋಡಲು ಕೂತ ಸಂಗೀತ ವಿದ್ವಾಂಸ ಆಲ್ಬೆರ್ಟೊ ಜೆಂಟಿಲಿಯ ಕೈಗೆ ಸಿಕ್ಕಿದ್ದು ಹದಿನಾಲ್ಕು ಸಂಪುಟ ವಿವಾಲ್ಡಿ! ಗ್ರಂಥಾಲಯದಲ್ಲಿ ದುಡ್ಡಿಲ್ಲ, ಸರ್ಕಾರಕ್ಕೆ ತಿಳಿಸಿದರೆ ಬೇರೆಲ್ಲಿಗೋ ಹೋಗಿಬಿಡುವ ಭಯ. ಷೇರು ದಲ್ಲಾಳಿ ರಾಬೆರ್ಟೊ ಫೋವಾ, ತೀರಿಕೊಂಡ ತನ್ನ ಎಳೆಯ ಮಗ ಮೌರೊನ ನೆನಪಿಗೆಂದು ಕೊಂಡುಕೊಟ್ಟ. ಆದರೆ ಸಂಪುಟಗಳ ಕ್ರಮಸಂಖ್ಯೆಯಲ್ಲಿ ಬಿಡುವುಗಳಿದ್ದವು, ಅಂದರೆ ಸಿಕ್ಕಿದ್ದು ಅರ್ಧ ಮಾತ್ರ. ಉಳಿದರ್ಧ ಜಿನೋವಾದ ದುರಾಜ್ಜೊ ಮನೆತನದ ವಾರಸುದಾರನೊಬ್ಬನ ಬಳಿ ಇತ್ತು. ಅವನ ಮನವೊಲಿಸಿ ಕೊಳ್ಳುವಷ್ಟರಲ್ಲಿ 1930 ಬಂತು. ಈ ಸಲ ಹಣ ಕೊಟ್ಟವನು ಕೈಗಾರಿಕೋದ್ಯಮಿ ಫಿಲಿಪ್ಪೊ ಜೋರ್ದಾನೊ, ಅವನೂ ಸತ್ತುಹೋದ ತನ್ನ ಪುಟ್ಟ ಮಗ ರೆಂಜೊನ ನೆನಪಿಗೆ. ಇವತ್ತಿಗೂ ಆ ಸಂಗ್ರಹಗಳಿಗೆ ಆ ಇಬ್ಬರು ಮಕ್ಕಳ ಹೆಸರೇ ಇದೆ. ಯೆಹೂದಿಯಾಗಿದ್ದ ಜೆಂಟಿಲಿ 1938ರ ಜನಾಂಗೀಯ ಕಾನೂನಿನಿಂದ ಹುದ್ದೆ ಕಳೆದುಕೊಂಡ; ತಾನು ಪತ್ತೆಹಚ್ಚಿದ ನಿಧಿಯ ಮೇಲೆ ಕೆಲಸ ಮಾಡುವ ಹಕ್ಕೂ ಉಳಿಯಲಿಲ್ಲ. 1939ರಲ್ಲಿ ಸಿಯೆನಾದಲ್ಲಿ ಆಲ್ಫ್ರೆಡೊ ಕಸೆಲ್ಲಾ ನಡೆಸಿದ ವಿವಾಲ್ಡಿ ಸಪ್ತಾಹದಲ್ಲಿ ಅವನ ‘ಗ್ಲೋರಿಯಾ’ ಮತ್ತೆ ಕೇಳಿಸಿತು. ಆ ವಾರ ಸಭಾಂಗಣಕ್ಕೆ ಬಂದವರಲ್ಲಿ ಯಾರಿಗೆ ಆ ‘ಗ್ಲೋರಿಯಾ’ ‘ಗೊತ್ತಿತ್ತು’? ಇವತ್ತು ಪ್ರತಿ ಊರಿನ ಚರ್ಚ್ ಗಾಯನ ತಂಡಕ್ಕೂ ಬಾಯಿಪಾಠ. ‘ಫೋರ್ ಸೀಸನ್ಸ್’ ಧ್ವನಿಮುದ್ರಣಗಳು ಜಗತ್ತನ್ನು ಆವರಿಸಿದ್ದು 1950ರ ದಶಕದಿಂದ ಈಚೆಗೆ. ಸನಾತನವೆಂದು ಕಾಣುವ ಈ ಜನಪ್ರಿಯತೆ ನಮ್ಮ ಹಲವರ ತಂದೆತಾಯಿಯರಿಗಿಂತ ಚಿಕ್ಕದು.

ವಿವಾಲ್ಡಿಯ ಕನ್ಚೆರ್ಟೊಗಳೇ ಸುಮಾರು 500 ಇವೆ. ‘ಫೋರ್ ಸೀಸನ್ಸ್’ ಅವುಗಳಲ್ಲಿ ನಾಲ್ಕು. ಬಸೂನ್ ಎಂಬ ಗಡಸು ಗಂಟಲಿನ ಊದುವಾದ್ಯಕ್ಕೇ ಆತ 39 ಬರೆದ, ಎರಡು ಅಪೂರ್ಣ. ಆ ಕಾಲದಲ್ಲಿ ಇನ್ನಾರೂ ಆ ವಾದ್ಯವನ್ನು ಅಷ್ಟು ನೆಚ್ಚಿಕೊಂಡಿರಲಿಲ್ಲ. ಉಳಿದ ನಾಲ್ಕುನೂರ ತೊಂಬತ್ತಾರನ್ನು ಕೇಳಲು ಜನ ಬರುವುದಿಲ್ಲ ಎನ್ನುವವರು, ಅವನ್ನು ಎಷ್ಟು ಸಲ ಕೇಳಿಸಿ ನೋಡಿದ್ದಾರೆ?

ಆ ಸಂಗೀತದ ಸ್ವಂತ ಕಾಲದಲ್ಲಿ ಕಛೇರಿ ಎಂದರೆ ಏನಿತ್ತು ಎಂಬುದನ್ನಾದರೂ ಹಳೆಯ ಕಾಲಕ್ಕೆ ನಿಷ್ಠೆ ಸಾರುವ ಈ ಮಂದಿ ನೆನೆಯಬೇಕು. ವೆನಿಸ್‌ನ ಪಿಯೆತಾ ಅನಾಥಾಲಯದ ಆಡಳಿತಗಾರರು 1723ರಲ್ಲಿ ವಿವಾಲ್ಡಿಗೆ ಒಪ್ಪಿಸಿದ್ದು ತಿಂಗಳಿಗೆ ಎರಡು ಹೊಸ ಕನ್ಚೆರ್ಟೊ ಕೊಡುವ ಕೆಲಸ. ಅದೇ ವರ್ಷ ಲೈಪ್‌ಜಿಗ್‌ಗೆ ಬಂದ ಬಾಖ್ ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ಪ್ರತಿ ಭಾನುವಾರಕ್ಕೂ ಹೊಸ ಕ್ಯಾಂಟಾಟಾ ಬರೆಯುತ್ತಿದ್ದ: ಸೋಮವಾರದಿಂದ ರಚನೆ, ಮನೆಮಂದಿಯೂ ಶಿಷ್ಯರೂ ಕೂತು ಪ್ರತಿ ಎತ್ತುವುದು, ಮಸಿ ಆರುವ ಹೊತ್ತಿಗೆ ತಾಲೀಮು, ಭಾನುವಾರ ಹಾಡಿಕೆ. ಹಳೆಯದನ್ನು ಮತ್ತೆ ಬಡಿಸುವುದು ಅಲ್ಲೂ ಇತ್ತು. ಆದರೆ ಜನ ಕಾದದ್ದು ಹೊಸದಕ್ಕೆ. ನಮ್ಮ ವಾದ್ಯವೃಂದಗಳು ಕಮಾನಿನ ಬಾಗು, ತಂತಿಯ ದಪ್ಪ, ಟ್ರಿಲ್ಲನ್ನು ಯಾವ ಸ್ವರದಿಂದ ಎತ್ತಬೇಕು ಎಂಬುದರಲ್ಲೆಲ್ಲ ಹದಿನೆಂಟನೇ ಶತಮಾನಕ್ಕೆ ಅಕ್ಷರಶಃ ನಿಷ್ಠವಾಗಿ, ಆ ಶತಮಾನದ ಕೇಳುಗರ ಈ ಒಂದು ಹಸಿವನ್ನು ಮಾತ್ರ ಹೊರಗಿಟ್ಟಿವೆ.

‘ಮೆಸ್ಸಾಯ’ದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ಅದರ ಹೊಸ್ತಿಲಲ್ಲೇ. ಹ್ಯಾಂಡೆಲ್ ಅದನ್ನು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರೊಳಗೆ ಬರೆದು ಮುಗಿಸಿದ. ಮೊದಲು ಕೇಳಿಸಿದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್‌ನ ಫಿಶ್ಯಾಂಬಲ್ ಬೀದಿಯಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ. ಹೆಚ್ಚು ಜನ ಹಿಡಿಸಲಿ ಎಂದು ಹೆಂಗಸರು ಬಳೆ ಕಟ್ಟಿದ ಅಗಲ ಲಂಗ ಬಿಟ್ಟು ಬರಬೇಕು, ಗಂಡಸರು ಕತ್ತಿ ಬಿಟ್ಟು ಬರಬೇಕು ಎಂದು ವಿನಂತಿಸಲಾಗಿತ್ತು. ಬಂದ ಹಣ ಸಾಲಕ್ಕಾಗಿ ಜೈಲು ಸೇರಿದ್ದ ಕೈದಿಗಳ ಬಿಡುಗಡೆಗೂ ಎರಡು ಆಸ್ಪತ್ರೆಗಳಿಗೂ ಹೋಯಿತು. ಸಭಾಂಗಣ ಕಿಕ್ಕಿರಿದು ತುಂಬಿದ್ದು ಹೊಚ್ಚಹೊಸ ಕೃತಿಗೆ ಎಂಬುದನ್ನು ಗಮನಿಸಬೇಕು. ಮೂರು ಭಾಗಗಳ ಆ ಕೃತಿಯಲ್ಲಿ ಕ್ರಿಸ್ಮಸ್ ಇರುವುದು ಮೊದಲ ಭಾಗದಲ್ಲಿ ಮಾತ್ರ. ಎಲ್ಲರೂ ಎದ್ದು ನಿಲ್ಲುವ ‘ಹಲ್ಲೆಲೂಯಾ’ ಬರುವುದು ಯಾತನೆ, ಮರಣ, ಪುನರುತ್ಥಾನಗಳ ಎರಡನೇ ಭಾಗದ ಕೊನೆಗೆ. ಡಿಸೆಂಬರಿನಲ್ಲಿ ಅನೇಕ ಕಡೆ ನಡುವಣದ್ದನ್ನೆಲ್ಲ ಕತ್ತರಿಸಿ, ಮೊದಲ ಭಾಗದ ಬಾಲಕ್ಕೆ ‘ಹಲ್ಲೆಲೂಯಾ’ ಅಂಟಿಸಿ ಮುಗಿಸುತ್ತಾರೆ. ಪರಂಪರೆ ಎಂದು ಹೇಳಿಕೊಂಡು ಅಜ್ಜ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವವರು, ಆ ಮರವನ್ನು ಅಜ್ಜ ನೆಟ್ಟದ್ದು ಬೇರೆ ಹಿತ್ತಲಲ್ಲಿ ಎಂಬುದನ್ನೂ ನೋಡುವುದಿಲ್ಲ.

ಹಾಗಾದರೆ ಹೊಸದು ಸೋಲುವುದೇ ಇಲ್ಲವೇ? ಸೋಲುತ್ತದೆ, ಚೆನ್ನಾಗಿಯೇ ಸೋಲುತ್ತದೆ. ಇದೇ ಹ್ಯಾಂಡೆಲ್‌ನ ‘ಥಿಯೊಡೊರಾ’ 1750ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಮಕಾಡೆ ಮಲಗಿತು. ಆ ಫೆಬ್ರವರಿ, ಮಾರ್ಚ್‌ನಲ್ಲಿ ಭೂಮಿ ನಡುಗಿ, ಹಣವಂತರು ಹೆದರಿ ಊರು ಬಿಟ್ಟಿದ್ದರು. ಮೂರು ಪ್ರದರ್ಶನಕ್ಕೆ ಆ ವರ್ಷದ ಆಟ ಮುಗಿಯಿತು. ಕುರ್ಚಿ ಎಣಿಸುವವರ ತರ್ಕದಲ್ಲಿ ‘ಥಿಯೊಡೊರಾ’ದ ಕಡತ ಅಂದೇ ಮುಚ್ಚಬೇಕಿತ್ತು. 1996ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬರ್ನ್‌ನಲ್ಲಿ ಪೀಟರ್ ಸೆಲ್ಲರ್ಸ್ ಅದನ್ನು ರಂಗಕ್ಕೆ ತಂದ, ವಿಲಿಯಂ ಕ್ರಿಸ್ಟಿ ಸಂಗೀತ ನಡೆಸಿದ, ಲೊರೇನ್ ಹಂಟ್ ಹಾಡಿದಳು. ಅಲ್ಲಿಂದೀಚೆಗೆ ಅದನ್ನು ಹ್ಯಾಂಡೆಲ್‌ನ ಶ್ರೇಷ್ಠ ಕೃತಿಗಳ ಸಾಲಿನಿಂದ ಕೆಳಗಿಳಿಸಲು ಯಾರಿಗೂ ಧೈರ್ಯ ಬಂದಿಲ್ಲ. ಅದೇ ಕ್ರಿಸ್ಟಿ 1987ರಲ್ಲಿ ಪ್ಯಾರಿಸ್‌ನಲ್ಲಿ ಲೂಲಿಯ 1676ರ ಒಪೆರಾ ‘ಅತೀಸ್’ ಎತ್ತಿಕೊಂಡಾಗ, ಹದಿನಾಲ್ಕನೇ ಲೂಯಿಯ ಆಸ್ಥಾನದ ಆ ದೀರ್ಘ ದುರಂತ ಯಾರಿಗೆ ಬೇಕು ಎಂದು ಕೇಳಬಹುದಿತ್ತು. ಊರಿಗೆ ಊರೇ ಬೇಕೆಂದಿತು. ಫ್ರೆಂಚ್ ಬರೋಕ್ ಒಪೆರಾದ ಇಂದಿನ ಮರುಹುಟ್ಟಿಗೆ ಆ ಪ್ರದರ್ಶನವೇ ಬೀಜ.

ಕೇಳುಗರಿಗೆ ಹಿನ್ನೆಲೆಯೇ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಹಾಗಾಗಿ ಕಡಿದಾದದ್ದನ್ನು ಕೊಡಲಾಗದು ಎನ್ನುವವರು ಜಪಾನಿನ ಕಡೆ ತಿರುಗಲಿ. ಮಸಾಕಿ ಸುಜುಕಿ 1990ರಲ್ಲಿ ಬಾಖ್ ಕೊಲೀಜಿಯಂ ಜಪಾನ್ ಕಟ್ಟಿದ. ಬಾಖ್‌ನ ಚರ್ಚ್ ಕ್ಯಾಂಟಾಟಾಗಳನ್ನು 1995ರಿಂದ 2013ರವರೆಗೆ ಒಂದೂ ಬಿಡದೆ ಧ್ವನಿಮುದ್ರಿಸಿದ, ಒಟ್ಟು 55 ಸಂಪುಟ. ಲುಥೆರನ್ ಧರ್ಮೋಪದೇಶ, ಹದಿನೆಂಟನೇ ಶತಮಾನದ ಜರ್ಮನ್, ಕೇಳುವವರಲ್ಲಿ ಬಹುಪಾಲು ಕ್ರೈಸ್ತರಲ್ಲ. ಇದಕ್ಕಿಂತ ‘ಮಾರಾಟವಾಗದ’ ಸರಕನ್ನು ಊಹಿಸುವುದೂ ಕಷ್ಟ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನಲ್ಲಿ ರುಡಾಲ್ಫ್ ಲುಟ್ಸ್‌ನ ಬಾಖ್ ಪ್ರತಿಷ್ಠಾನ 2006ರಿಂದ ತಿಂಗಳಿಗೊಂದು ಕ್ಯಾಂಟಾಟಾ ನಡೆಸುತ್ತಿದೆ. ಅಲ್ಲಿ ಒಂದು ಸಂಜೆಗೆ ಒಂದೇ ಕೃತಿ, ಆದರೆ ಎರಡು ಸಲ: ಮೊದಲು ಒಮ್ಮೆ, ಆಮೇಲೆ ಅದರ ಮಾತುಗಳ ಬಗ್ಗೆ ಒಬ್ಬರ ಚಿಂತನೆ, ಮತ್ತೆ ಅದೇ ಕ್ಯಾಂಟಾಟಾ ಇನ್ನೊಮ್ಮೆ. ಎರಡನೇ ಸಲ ಕೇಳುವಾಗ ಅದು ಅಪರಿಚಿತವಾಗಿ ಉಳಿದಿರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಮಾಡಿಸಲು ಒಂದು ಸಂಜೆ ಸಾಕು ಎಂದು ಆ ಊರು ತೋರಿಸಿಕೊಡುತ್ತಿರುವಾಗ, ದೊಡ್ಡ ದೊಡ್ಡ ನಗರಗಳ ತಂಡಗಳು ಕೇಳುಗರ ಅಜ್ಞಾನವನ್ನು ನೆಪವಾಗಿ ಹೊದ್ದು ಮಲಗಿವೆ. ಟೊರಾಂಟೊದ ಟಾಫೆಲ್‌ಮ್ಯೂಸಿಕ್ ತಂಡ ಖಗೋಳ ವರ್ಷವಾದ 2009ಕ್ಕೆಂದು ಮಾಡಿದ ‘ಗೆಲಿಲಿಯೊ ಪ್ರಾಜೆಕ್ಟ್’ ಇನ್ನೊಂದು ಉದಾಹರಣೆ. ಅದನ್ನು ಕಟ್ಟಿದವರು ತಂಡದಲ್ಲೇ ಡಬಲ್ ಬಾಸ್ ನುಡಿಸುತ್ತಿದ್ದ ಆಲಿಸನ್ ಮ್ಯಾಕೆ. ವಾದಕರು ಇಡೀ ಕಾರ್ಯಕ್ರಮವನ್ನು ಬಾಯಿಪಾಠ ಮಾಡಿ, ಸ್ವರಪುಸ್ತಕದ ಕಟ್ಟೆ ಸರಿಸಿ, ರಂಗದ ಮೇಲೆ ನಡೆದಾಡುತ್ತ ನುಡಿಸಿದರು. ದೇಶ ದೇಶ ತಿರುಗಿತು, ಒಂದು ಕ್ಷುದ್ರಗ್ರಹಕ್ಕೆ ಆ ತಂಡದ ಹೆಸರೂ ಬಂತು. (ಅದೇ ತಂಡ ಡಿಸೆಂಬರಿನಲ್ಲಿ ಜನರನ್ನೂ ಸೇರಿಸಿಕೊಂಡು ‘ಮೆಸ್ಸಾಯ’ ಹಾಡಿಸುತ್ತದೆ. ಹಾಡಲಿ, ಹೊಟ್ಟೆಕಿಚ್ಚಿಲ್ಲ.)

ಇನ್ನು ಜಾಣರ ವಾದವೊಂದಿದೆ. ಹಳೆಯ ವಾದ್ಯದಲ್ಲಿ ನುಡಿಸಿದರೆ ಹಳೆಯ ಕೃತಿಯೇ ಹೊಸದಾಗುತ್ತದೆ, ಬೇರೆ ಕೃತಿ ಯಾಕೆ ಎಂಬುದು. 1970–80ರ ದಶಕಗಳಲ್ಲಿ ಇದು ದಿಟವಾಗಿತ್ತು. ಭಾರೀ ಸಿಂಫನಿ ವಾದ್ಯವೃಂದಗಳು ಎಳೆದೆಳೆದು ನುಡಿಸುತ್ತಿದ್ದ ಬ್ರಾಂಡೆನ್‌ಬರ್ಗ್‌ಗಳನ್ನು ಟ್ರೆವರ್ ಪಿನಕ್, ಕ್ರಿಸ್ಟೊಫರ್ ಹಾಗ್‌ವುಡ್ ತಂಡಗಳು ಚುರುಕಾಗಿ ನುಡಿಸಿದಾಗ ಕಿವಿಯ ಧೂಳು ಹಾರಿತು. ಈಗ ಆ ನಾದವೇ ರೂಢಿ. ಕರುಳಿನ ತಂತಿಯ ‘ಫೋರ್ ಸೀಸನ್ಸ್’ ಎಷ್ಟು ಬಂದಿವೆಯೆಂದರೆ, ತಂಡಗಳು ಒಂದನ್ನೊಂದು ಮೀರಿಸಲು ಬೇಸಿಗೆಯ ಬಿರುಗಾಳಿಯನ್ನು ಇನ್ನಷ್ಟು ಜೋರಾಗಿ ಕೆರೆಯುವುದೊಂದೇ ದಾರಿ ಉಳಿದಿದೆ. ಹೇಳಲು ಹೊಸತಿಲ್ಲದವರು ಗಂಟಲು ಎತ್ತರಿಸುವ ಹಾಗೆ.

ಆ ವಾದ್ಯಗಳು ಯಾವುದಕ್ಕೆ ಬೇಕು ಎಂದು ಕಾಣಬೇಕಾದರೆ ಬೀಬರ್‌ನ ರೋಸರಿ ಸೊನಾಟಾಗಳಿಗೆ ಹೋಗಬೇಕು. ಮ್ಯೂನಿಕ್‌ನಲ್ಲಿರುವ ಹಸ್ತಪ್ರತಿಯಲ್ಲಿ ಹದಿನೈದು ಸೊನಾಟಾ, ಕೊನೆಗೊಂದು ಒಂಟಿ ಪಿಟೀಲಿನ ಪಸ್ಸಕಾಲಿಯಾ. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ ಉಳಿದ ಪ್ರತಿಯೊಂದಕ್ಕೂ ಪಿಟೀಲಿನ ನಾಲ್ಕು ತಂತಿಗಳ ಶ್ರುತಿ ಬೇರೆಬೇರೆ. ಹನ್ನೊಂದನೆಯದು ಕ್ರಿಸ್ತನ ಪುನರುತ್ಥಾನ. ಅದಕ್ಕೆ ನಡುವಿನ ಎರಡು ತಂತಿಗಳನ್ನು ಬಿಚ್ಚಿ, ಕುದುರೆಯ ಹಿಂದೆಯೂ ಮೇಲುಗಡೆಯೂ ಒಂದರ ಮೇಲೊಂದು ದಾಟಿಸಿ ಅದಲುಬದಲು ಕಟ್ಟಬೇಕು. ಕುದುರೆಯ ಹಿಂದೆ ತಂತಿಗಳೇ ಸೇರಿ ಶಿಲುಬೆಯಾಗುತ್ತವೆ. ವಾದಕಿಯ ಬೆರಳು ಒಂದು ಸ್ವರಕ್ಕೆ ಒತ್ತಿದರೆ ಕೇಳುವುದು ಇನ್ನೊಂದೇ ಸ್ವರ. ಕಣ್ಣಿಗೂ ಕಿವಿಗೂ ಹೊಂದಿಕೆ ತಪ್ಪುತ್ತದೆ. ಸಡಿಲಿಸಿದ ತಂತಿ ಗೊಗ್ಗರಿಸುತ್ತದೆ, ಬಿಗಿದ ತಂತಿ ಕಿರುಚುವ ಅಂಚಿನಲ್ಲಿರುತ್ತದೆ, ಮರದ ಪೆಟ್ಟಿಗೆ ತನ್ನದಲ್ಲದ ದನಿಯಲ್ಲಿ ಮೊಳಗುತ್ತದೆ. ಇದನ್ನು ಎದುರು ಕೂತು ನೋಡಿದವರಿಗೆ ಕರುಳಿನ ತಂತಿಯ ಬಗ್ಗೆ ಭಾಷಣ ಬೇಕಾಗುವುದಿಲ್ಲ. ಇಂಥದ್ದು ವರ್ಷದ ಪಟ್ಟಿಯಲ್ಲಿ ಇದ್ದರೂ ಚಿಕ್ಕ ಚಾಪೆಲ್‌ನಲ್ಲಿ, ವಾರದ ನಡುವೆ, ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಆಮೇಲೆ ಅದಕ್ಕೆ ಜನ ಬರಲಿಲ್ಲ ಎನ್ನುತ್ತಾರೆ.

ಇದೇ ಉಪೇಕ್ಷೆಯ ಇನ್ನೊಂದು ರೂಪ, ಪರಿಚಿತ ಕೃತಿಗೆ ಮುಂಚೆ ಎಂಟು ನಿಮಿಷದ ಅಪರಿಚಿತ ಕೃತಿಯೊಂದನ್ನು ತುರುಕುವುದು. ತಡವಾಗಿ ಬಂದವರು ಕುರ್ಚಿ ಹುಡುಕುವಷ್ಟರಲ್ಲಿ ಅದು ಮುಗಿದಿರುತ್ತದೆ. ಬರೋಕ್ ಸಂಯೋಜಕರಾದ ಡ್ರೆಸ್ಡೆನ್‌ನ ಯಾನ್ ಡಿಸ್ಮಾಸ್ ಜೆಲೆಂಕಾನಿಗೆ, ಎಲಿಸಬೆತ್ ಜಾಕೆ ದ ಲಾ ಗೆರ್‌ಗೆ ಈ ಮರ್ಯಾದೆ ಬೇಡ. ಕೊಡುವುದಾದರೆ ಅವರಿಗೆ ಇಡೀ ಸಂಜೆ ಕೊಡಬೇಕು, ಇಲ್ಲವಾದರೆ ಬಿಡಬೇಕು. ಸಿಂಫನಿ ವಾದ್ಯವೃಂದಗಳು ಬರೋಕ್ ಕಾಲವನ್ನು ಬಹುಮಟ್ಟಿಗೆ ಈ ಬರೋಕ್ ತಂಡಗಳವರಿಗೇ ಬಿಟ್ಟುಕೊಟ್ಟಿವೆ ಎಂಬುದನ್ನು ಮರೆಯಬಾರದು. ಜೆಲೆಂಕಾನ ಪೂಜಾಸಂಗೀತವನ್ನು ಇವರು ನುಡಿಸದಿದ್ದರೆ ಇನ್ನಾರೂ ನುಡಿಸುವುದಿಲ್ಲ. ಫ್ರೆಂಚ್ ಸಂಯೋಜಕ ರಾಮೊನ ಕೊನೆಯ ಒಪೆರಾ ‘ಲೆ ಬೊರೆಯಾದ್’ 1763ರಲ್ಲಿ ತಾಲೀಮಾಗಿ ನಿಂತದ್ದು, ಮೊದಲ ಸಲ ಪೂರ್ಣವಾಗಿ ರಂಗಕ್ಕೆ ಬಂದದ್ದು 1982ರಲ್ಲಿ. ವಿವಾಲ್ಡಿಯ ‘ಮೊತೆಜುಮಾ’ದ ಸಂಗೀತ ಬರ್ಲಿನ್‌ನ ಹಳೆಯ ಸಂಗ್ರಹವೊಂದರಲ್ಲಿ ಗುರುತು ಸಿಕ್ಕಿದ್ದು 2002ರಲ್ಲಿ. ನಿಧಿ ಇನ್ನೂ ಅಗೆದು ಮುಗಿದಿಲ್ಲ. ಗುದ್ದಲಿ ಇರುವುದು ಇವರ ಕೈಯಲ್ಲಿ ಮಾತ್ರ.

ಹಣ ಹಾಕುವವರ ಮಾತೂ ಬರುತ್ತದೆ: ಅಪರಿಚಿತ ಸಂಗೀತಕ್ಕೆ ದಾನಿಗಳು ಸಿಗುವುದಿಲ್ಲವಂತೆ. ಕನ್ನಡಿಗರಾದ ನಾವು ಈ ಮಾತನ್ನು ಸುಮ್ಮನೆ ಒಪ್ಪಲಾಗದು. ಲಂಡನ್‌ನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಮೈಸೂರಿನ ಜಯಚಾಮರಾಜ ಒಡೆಯರು. ಲಂಡನ್‌ನಲ್ಲಿ ಕಾಯಿಲೆ, ಬಡತನಗಳ ನಡುವೆ ಮೂಲೆಗುಂಪಾಗಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟವರು ಅವರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಸಿದ್ದೂ ಅವರ ನೆರವಿನಿಂದಲೇ. ಬರೋಕ್ ಅಲ್ಲ, ಒಪ್ಪಿದೆ. ಆದರೆ ಟ್ಯೂರಿನ್‌ನ ಷೇರು ದಲ್ಲಾಳಿಯೂ ಮೈಸೂರಿನ ಮಹಾರಾಜರೂ ದುಡ್ಡು ಕೊಟ್ಟದ್ದು ಯಾರೂ ಕೇಳದ ಸಂಗೀತಕ್ಕೇ. ದಾನಿಗಳು ಹೆದರುಪುಕ್ಕಲರೆಂದು ಮೊದಲೇ ತೀರ್ಮಾನಿಸಿ, ಕೇಳಲೂ ಹೋಗದೆ ಕೂತವರು ಯಾರು ಎಂಬುದಷ್ಟೇ ಇಲ್ಲಿ ಉಳಿಯುವ ಪ್ರಶ್ನೆ.

ಹಾಗಿದ್ದರೆ ಮುಂದಿನ ವರ್ಷದ ಪಟ್ಟಿ ಹೇಗಿರಬೇಕು? ‘ಮೆಸ್ಸಾಯ’ವನ್ನು ಅದು ಹುಟ್ಟಿದ ಏಪ್ರಿಲ್‌ಗೆ ಒಯ್ಯಿರಿ, ಮೂರೂ ಭಾಗ ಪೂರ್ತಿ ಹಾಡಿ. ತೆರವಾದ ಡಿಸೆಂಬರಿಗೆ ಫ್ರೆಂಚ್ ಜನಪದ ಕ್ರಿಸ್ಮಸ್ ಹಾಡುಗಳ ಮಟ್ಟಿನಲ್ಲೇ ಶಾರ್ಪಾಂತಿಯೇ ನೇಯ್ದ ನಡುರಾತ್ರಿಯ ಪೂಜಾಸಂಗೀತವಿದೆ. ಅದು ಕೆಲವೇ ಕ್ಷಣಗಳಲ್ಲಿ ಯಾರನ್ನಾದರೂ ಗೆಲ್ಲುತ್ತದೆ. ‘ಫೋರ್ ಸೀಸನ್ಸ್’ ಮೂರು ವರ್ಷ ವಿಶ್ರಾಂತಿ ಪಡೆಯಲಿ, ಆ ಜಾಗದಲ್ಲಿ ಅದೇ ವಿವಾಲ್ಡಿಯ ಬಸೂನ್ ಮೊಳಗಲಿ. ಸೇಂಟ್ ಗಾಲೆನ್‌ನ ಹಾಗೆ ಒಂದು ಕೃತಿಯನ್ನು ಎರಡು ಸಲ ಕೇಳಿಸುವ ಸಂಜೆಗಳು ವರ್ಷಕ್ಕೆ ಕೆಲವಾದರೂ ಇರಲಿ. ಅಪರಿಚಿತ ಹೆಸರನ್ನು ಪಟ್ಟಿಯ ಮೊದಲ ಪುಟಕ್ಕೆ, ದೊಡ್ಡ ಸಭಾಂಗಣಕ್ಕೆ, ಶನಿವಾರದ ಸಂಜೆಗೆ ತನ್ನಿ. ಅಷ್ಟು ಮಾಡಿಯೂ ಕುರ್ಚಿ ಖಾಲಿ ಉಳಿದರೆ ಆಗ ಕೇಳುಗರನ್ನು ದೂರಿ.

ಕೇಳುಗರಿಗೂ ಒಂದು ಮಾತು. ಟೊರಾಂಟೊ, ಲಂಡನ್, ಬೋಸ್ಟನ್, ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಇಂಥ ಕಛೇರಿಗಳಿಗೆ ಹೋಗುವವರು ಈಗ ಕಡಿಮೆಯೇನಿಲ್ಲ, ಮಕ್ಕಳನ್ನು ಪಿಟೀಲು ತರಗತಿಗೆ ಕಳಿಸುವವರಂತೂ ಧಾರಾಳ. ವ್ಯವಸ್ಥಾಪಕರು ನಂಬುವುದು ಲೇಖನಗಳನ್ನಲ್ಲ, ಮಾರಾಟವಾದ ಟಿಕೆಟ್ಟನ್ನು. ಈ ಸಲದ ಪಟ್ಟಿ ಕೈಗೆ ಬಂದಾಗ ‘ಮೆಸ್ಸಾಯ’ದ ಟಿಕೆಟ್ ತೆಗೆಯುವ ಮೊದಲು, ಅದರಲ್ಲಿ ನೀವು ಕೇಳಿರದ ಹೆಸರೊಂದನ್ನು ಹುಡುಕಿ ಆ ಸಂಜೆಗೆ ಎರಡು ಕುರ್ಚಿ ಕಾಯ್ದಿರಿಸಿ. ಅಂಥ ಹೆಸರು ಒಂದೂ ಇಲ್ಲದಿದ್ದರೆ, ಯಾಕಿಲ್ಲ ಎಂದು ಅವರಿಗೆ ಬರೆದು ಕೇಳಿ.